ಬೇರಿಯಂ ಲೋಟ, ಇಳಿಜಾರು ಹಾಸಿಗೆ

ನಮ್ಮ ಕಾಲದ ಎಕ್ಸ್‌ರೇ ಕೋಣೆಯಲ್ಲಿ ಕೆಲಸ ಶುರುವಾಗುತ್ತಿದ್ದದ್ದು ಸುಮ್ಮನೆ ಕೂಡುವುದರಿಂದ. ಕಿಟಕಿಗೆ ಕಪ್ಪು ಅರಿವೆ, ಬಾಗಿಲಿಗೆ ದಪ್ಪ ಪರದೆ. ಕಣ್ಣನ್ನು ಮೊದಲೇ ಕತ್ತಲೆಗೆ ಪಳಗಿಸಲು ಡಾಕ್ಟರು ಹೊರಗಿನಿಂದಲೇ ಕೆಂಪು ಗಾಜಿನ ಕನ್ನಡಕ ಹಾಕಿಕೊಂಡು ಬರುತ್ತಿದ್ದರು. ಒಳಗೆ ಬಂದು ಅದನ್ನು ತೆಗೆದಿಟ್ಟು, ಕಣ್ಣು ಕತ್ತಲೆಗೆ ಹೊಂದುವ ತನಕ ಸ್ಟೂಲಿನ ಮೇಲೆ ಕೂಡುತ್ತಿದ್ದರು. ನಾನು ಗೋಡೆಗೆ ಒರಗಿ ನಿಲ್ಲುತ್ತಿದ್ದೆ. ಪೇಷಂಟು ಮೇಜಿನ ಅಂಚಿಗೆ. ನಿಪ್ಪಾಣಿಯ ಬಜಾರಿನ ಗದ್ದಲ ಯಾವುದೋ ದೂರದ ಊರಿನದು ಎಂಬಂತೆ ಕೇಳುತ್ತಿತ್ತು. ಸ್ವಲ್ಪ ಹೊತ್ತಿಗೆ ಕತ್ತಲೆ ತಾನಾಗಿಯೇ ತೆಳುವಾಗಿ ಮೊದಲು ಬಿಳಿ ಲೋಟ ಕಾಣುತ್ತಿತ್ತು, ಆಮೇಲೆ ಅದನ್ನು ಹಿಡಿದ ಕೈ, ಆಮೇಲೆ ಕೈಯ ಬಳೆ.

ಚಿಕ್ಕೋಡಿಯಲ್ಲಿ ಈ ಕೆಲಸ ಕಲಿಯುತ್ತಿರುವ ಕೆಲವರು ಹಳೆಯ ರೀತಿ ಹೇಗಿತ್ತು, ಬರೆದುಕೊಡಿ ಎಂದು ಕೇಳಿದ್ದಾರೆ. ನನ್ನದು ಮೆಟ್ರಿಕ್ ತನಕದ ಓದು. ಎಂಬತ್ತರ ದಶಕದ ಆರಂಭದಲ್ಲಿ ಭೋಜದಿಂದ ನಿಪ್ಪಾಣಿಗೆ ಬಂದು ಒಂದು ಖಾಸಗಿ ಆಸ್ಪತ್ರೆಯಲ್ಲಿ ಸೇರಿಕೊಂಡೆ. ಅಲ್ಲೇ ಕಲಿತು ಅಲ್ಲೇ ನಿವೃತ್ತನಾದೆ. ಬರೆಯುವ ಅಭ್ಯಾಸವಿಲ್ಲ. ಆದರೆ ಹೋದ ಮಳೆಗಾಲದಲ್ಲಿ ನನ್ನ ಹೆಂಡತಿ ಕಸ್ತೂರಿ ತೀರಿಕೊಂಡಳು. ಸಣ್ಣ ಜ್ವರ ಬಂತು, ಎದೆಗೆ ಇಳಿಯಿತು, ಅಷ್ಟೇ. ಅಂದಿನಿಂದ ಮಧ್ಯಾಹ್ನಗಳು ಬಹಳ ಉದ್ದವಾಗಿವೆ. ಬೇರೆಯವರ ಎದೆಯುರಿಯ ಬಗ್ಗೆ ಬರೆಯಲು ಕೂತರೂ ನಡುವೆ ಅವಳೇ ಬಂದು ಕೂಡುತ್ತಾಳೆ. ಬರಲಿ ಎಂದು ಬಿಟ್ಟಿದ್ದೇನೆ. ಅವಳಿಗೂ ಅದೇ ರೋಗವಿತ್ತು. ಅವಳ ಹೊಟ್ಟೆಯನ್ನು ಕೊಯ್ಯಿಸಬೇಕೋ ಬೇಡವೋ ಎಂಬ ಒಂದೇ ಪ್ರಶ್ನೆಯನ್ನು ಇಟ್ಟುಕೊಂಡು ನಾವು ಒಂದು ಚಳಿಗಾಲ ಪೂರ್ತಿ ಕಳೆದೆವು.

ನಿಪ್ಪಾಣಿಯಲ್ಲಿ ಎದೆಯುರಿಗೆ ಬರವಿರಲಿಲ್ಲ. ಬೀಡಿ ಕಟ್ಟುವ ಹೆಂಗಸರು ಮುಂಜಾನೆ ಖಾರದ ಚಟ್ನಿ, ರೊಟ್ಟಿ ತಿಂದವರೇ ಮೊರವನ್ನು ತೊಡೆಯ ಮೇಲೆ ಇಟ್ಟುಕೊಂಡು ಬಗ್ಗಿ ಕೂತರೆ ಸಂಜೆಯ ತನಕ ಬೆನ್ನು ನೆಟ್ಟಗಾಗುತ್ತಿರಲಿಲ್ಲ. ತುಂಬಿದ ಹೊಟ್ಟೆ ಹಾಗೆ ಮಡಿಚಿ ಕೂತರೆ ಒಳಗಿನ ಹುಳಿ ಮೇಲಕ್ಕೆ ಬರದೆ ಏನು ಮಾಡೀತು? ಬಾಯಿಗೆ ಹುಳಿ ತೇಗು, ಗಂಟಲಲ್ಲಿ ಕೆಂಡ. ಅವರ ಪಾಲಿಗೆ ಅದು ಪಿತ್ತ. ಬೆಳಗ್ಗೆ ಗಂಟಲಿಗೆ ಬೆರಳು ಹಾಕಿ ಓಕರಿಸಿ ಪಿತ್ತ ತೆಗೆಯುವುದು ಹಲ್ಲುಜ್ಜಿದಷ್ಟೇ ಸಹಜವಾಗಿತ್ತು. ಓಣಿಯ ತುಂಬ ಆ ಸದ್ದು ಕೇಳುತ್ತಿತ್ತು. ನಮ್ಮ ಡಾಕ್ಟರು ಅಥಣಿ ಕಡೆಯವರು. ಅವರು ತಲೆ ಚಚ್ಚಿಕೊಂಡು, "ಇದ್ದ ಗಾಯದ ಮ್ಯಾಲ ದಿನಾ ಆಸಿಡ್ ಸುರಕೋತೀರಲ್ಲಬೇ!" ಎನ್ನುತ್ತಿದ್ದರು. ಕೇಳಿದವರು ಹೌದ್ರಿ ಎಂದು ತಲೆಯಾಡಿಸಿ ಮರುದಿನ ಮತ್ತೆ ಓಕರಿಸುತ್ತಿದ್ದರು.

ಬೇರಿಯಂ ಪರೀಕ್ಷೆ ಎಂದರೆ ಸುಣ್ಣದಂಥ ಬಿಳಿ ಪುಡಿಯನ್ನು ನೀರಿನಲ್ಲಿ ಕಲಸಿ ಕುಡಿಸುವುದು, ಅದು ಗಂಟಲಿಂದ ಹೊಟ್ಟೆಗೆ ಇಳಿಯುವುದನ್ನು ಕಿರಣದಲ್ಲಿ ನೋಡುವುದು. ಕಲಸುವುದೇ ನನ್ನ ಮೊದಲ ಕೆಲಸ. ಗಂಟಾದರೆ ಡಾಕ್ಟರು ಬೈಯುತ್ತಿದ್ದರು. "ಏನ್ಲೇ ಶಂಕರ, ಝುಣಕದ ಹಿಟ್ಟ ಕಲಿಸೀಯೇನು?" ಹಿಂದಿನ ರಾತ್ರಿಯಿಂದ ಏನೂ ತಿನ್ನಬಾರದು ಎಂದು ಎಷ್ಟು ಹೇಳಿದರೂ ಬಾಯಲ್ಲಿ ತಂಬಾಕು ಇಟ್ಟುಕೊಂಡೇ ಬರುತ್ತಿದ್ದರು. ತಂಬಾಕು ತಿನ್ನುವುದು ಊಟವಲ್ಲವಲ್ಲ! ಇನ್ನೊಂದು, ಮರುದಿನ ಮಲ ಬೆಳ್ಳಗೆ ಹೋಗುತ್ತದೆ ಎಂದು ಮೊದಲೇ ಹೇಳಿಬಿಡಿ. ಹೊಸದರಲ್ಲಿ ನಾನು ಹೇಳಲು ಮರೆತು, ರಾಯಬಾಗ ಕಡೆಯ ಒಬ್ಬರು ಮನೆಮಂದಿಯನ್ನೆಲ್ಲ ಕರೆದುಕೊಂಡು ಆಸ್ಪತ್ರೆಯ ಅಂಗಳದಲ್ಲಿ ಅಳುತ್ತ ಕೂತಿದ್ದರು. ಕರುಳು ಕರಗಿ ಹೊರಗೆ ಬರುತ್ತಿದೆ ಎಂದು ಅವರು ತಿಳಿದಿದ್ದರು. ನೀರು ಹೆಚ್ಚು ಕುಡಿಯಿರಿ ಎನ್ನುವುದನ್ನೂ ಮರೆಯಬೇಡಿ. ಇಲ್ಲದಿದ್ದರೆ ಆ ಬಿಳಿ ಒಳಗೇ ಗಟ್ಟಿಯಾಗಿ ಕೂಡುತ್ತದೆ. ಸೀಸದ ಏಪ್ರನ್ ಭಾರವೆಂದು ಮೊಳೆಗೆ ನೇತು ಹಾಕಿ ಕೆಲಸ ಮಾಡಬೇಡಿ.

ತೊಂಬತ್ತರ ದಶಕದಲ್ಲಿ ನಮ್ಮಲ್ಲಿಗೂ ಎಂಡೋಸ್ಕೋಪಿ ಬಂತು. ಕೊಳವೆಯ ತುದಿಯಲ್ಲಿ ಬೆಳಕು. ಅನ್ನನಾಳದ ಗಾಯ ನೇರವಾಗಿಯೇ ಕಾಣುತ್ತಿತ್ತು. ಕಹಿಯಾದ ಔಷಧಿಯನ್ನು ಗಂಟಲಿಗೆ ಹೊಡೆದು ಮರಗಟ್ಟಿಸಿ ನುಂಗಿಸುತ್ತಿದ್ದರು. ಜೊತೆಗೆ ಹೊಸ ಕ್ಯಾಪ್ಸೂಲ್ ಬಂತು, ಬೆಳಗ್ಗೆ ಬರೀ ಹೊಟ್ಟೆಯಲ್ಲಿ ಒಂದು. ಅದಕ್ಕಿಂತ ಮೊದಲು ಪುದೀನ ವಾಸನೆಯ ಬಿಳಿ ದ್ರವದ ಬಾಟಲಿ, ಎರಡು ಹೊತ್ತಿನ ರಾನಿಟಿಡಿನ್ ಗುಳಿಗೆ ಇಷ್ಟೇ ಇದ್ದದ್ದು. ಒಳ್ಳೆಯ ಬದಲಾವಣೆ, ಇಲ್ಲವೆನ್ನುವುದಿಲ್ಲ. ಆದರೆ ಆ ಕತ್ತಲೆ ಕೋಣೆ ಹೋದ ಮೇಲೆ ನನಗೆ ಏನೋ ಕಳೆದಂತೆ ಆಗಿತ್ತು. ಮೂರು ಮಂದಿ ಕತ್ತಲೆಯಲ್ಲಿ ಕೂತು ಒಬ್ಬರ ಒಡಲೊಳಗನ್ನು ಕಾಣಲು ಕಾಯುವುದು ಬೇರೆ ಯಾವ ಕೆಲಸದಲ್ಲಿ ಇದೆಯೋ ನನಗೆ ಗೊತ್ತಿಲ್ಲ.

ಕಸ್ತೂರಿಯದು ಎಂಡೋಸ್ಕೋಪಿ ಬರುವುದಕ್ಕೂ ಮೊದಲಿನ ಮಾತು. ಅವಳು ಐನಾಪುರದವಳು. ಮದುವೆಯಾಗಿ ಬಂದವಳು ಪಕ್ಕದ ಮನೆಯ ಅಕ್ಕಾತಾಯಿಯಿಂದ ಬೀಡಿ ಕಟ್ಟುವುದನ್ನು ಕಲಿತಳು. ಕೆಲವು ವರ್ಷಗಳಲ್ಲಿ ಎದೆಯುರಿಯೂ ಬಂತು. ಮಲಗಿದರೆ ಹೆಚ್ಚು. ನಿದ್ದೆಯ ನಡುವೆ ಗಂಟಲಿಗೆ ಹುಳಿ ನುಗ್ಗಿ, ಉಸಿರು ಕಟ್ಟಿದಂತಾಗಿ ಎದ್ದು ಕೂಡುವಳು. ಹಾಗೆ ಗೋಡೆಗೆ ಒರಗಿಯೇ ಬೆಳಗು ಮಾಡುವಳು. ಹಗಲು ಮೊರದ ಮೇಲೆ ತೂಕಡಿಕೆ. ಕತ್ತರಿಯಿಂದ ಬೀಡಿ ಎಲೆಯ ಬದಲು ಬೆರಳು ಕತ್ತರಿಸಿಕೊಂಡದ್ದೂ ಇದೆ. ಎದೆನೋವು ಎಂದಾಗ ನನಗೆ ಹೃದಯದ ಹೆದರಿಕೆ. ಇಸಿಜಿ ತೆಗೆಸಿದೆವು, ಏನೂ ಇರಲಿಲ್ಲ.

ಅಕ್ಕಾತಾಯಿಗೆ ಯಾವ ಯಂತ್ರವೂ ಬೇಕಿರಲಿಲ್ಲ. ಹೊಕ್ಕಳ ಹತ್ತಿರ ಬೆರಳಿಟ್ಟು ನೋಡಿ, "ಬಟ್ಟಿ ಸರದೈತಿ. ಮ್ಯಾಲ ಹೋಗಿ ಕುಂತೈತಿ" ಎಂದಳು. ನಮ್ಮ ಕಡೆ ಹೊಟ್ಟೆಯ ಎಲ್ಲ ಕಾಯಿಲೆಗೂ ಅದೇ ಮಾತು: ಹೊಕ್ಕಳ ನಾಡಿ ತನ್ನ ಜಾಗ ಬಿಟ್ಟಿದೆ. ಕಸ್ತೂರಿಯನ್ನು ಅಂಗಾತ ಮಲಗಿಸಿ, ಹೊಕ್ಕಳ ಮೇಲೆ ಸಣ್ಣ ಹಣತೆಯಲ್ಲಿ ಬತ್ತಿ ಹಚ್ಚಿ, ಮೇಲೆ ತಂಬಿಗೆ ಬೋರಲು ಹಾಕಿದಳು. ದೀಪ ಆರಿ ತಂಬಿಗೆ ಹೊಟ್ಟೆಯನ್ನು ಕಚ್ಚಿ ಹಿಡಿಯಿತು.

"ಅಗಬಾಯಿ, ಹೆಂಗ ಹಿಡದೈತಿ ನೋಡ!" ಅಕ್ಕಾತಾಯಿಗೆ ಸಂಭ್ರಮ.

"ಬಟ್ಟಿ ಬಂತೋ ಇಲ್ಲೋ, ಜೀವ ಹೊಂಟೈತಿ. ತಗೀಬೇ ಅದನ್ನ!" ಕಸ್ತೂರಿ ನಗುತ್ತ ಅಳುತ್ತ ಕೂಗಿದಳು.

ತಂಬಿಗೆ ಬಿಡಿಸಿದಾಗ ಹೊಟ್ಟೆಯ ಮೇಲೆ ಕೆಂಪು ಚಂದ್ರನಂಥ ಗುರುತು ಉಳಿದಿತ್ತು. ಉರಿ ಮಾತ್ರ ಹೋಗಲಿಲ್ಲ. ದೀಪಾವಳಿ ಕಳೆದ ಮೇಲೆ ಡಾಕ್ಟರು, "ನಾಳೆ ಬರೀ ಹೊಟ್ಟೀಲೆ ಕರಕೊಂಡು ಬಾ, ಬೇರಿಯಂ ಮಾಡೂಣು" ಎಂದರು.

ಬಂದಳು. ತಲೆಯ ಮೇಲೆ ಸೆರಗು, ಕೈಯಲ್ಲಿ ನಾನು ಕಲಸಿಕೊಟ್ಟ ಲೋಟ. ಕಣ್ಣು ಕತ್ತಲೆಗೆ ಹೊಂದಿತು. ಡಾಕ್ಟರು, "ಕುಡಿಯವ್ವಾ" ಎಂದರು. ಅವಳು ಕುಡಿಯಲಿಲ್ಲ. ಮತ್ತೊಮ್ಮೆ ಹೇಳಿದರು. ಆಗಲೂ ಇಲ್ಲ.

"ಯಾಕಬೇ?" ಎಂದು ನಾನು ಪಿಸುಗುಟ್ಟಿದೆ.

"ನೀವಿನ್ನೂ ಏನೂ ತಗೊಂಡಿಲ್ಲಲ್ರಿ."

ನಾನು ಉಣ್ಣದೆ ಅವಳು ಒಂದು ತುತ್ತನ್ನೂ ಬಾಯಿಗೆ ಇಟ್ಟವಳಲ್ಲ. ಆ ದಿನ ಗಡಿಬಿಡಿಯಲ್ಲಿ ನಾನು ಚಹಾ ಕೂಡ ಕುಡಿಯದೆ ಬಂದಿದ್ದು ಅವಳಿಗೆ ಗೊತ್ತಿತ್ತು. ಇದು ಊಟವಲ್ಲ, ಔಷಧಿ ಎಂದರೆ ಕೇಳಲೊಲ್ಲಳು. ಲೋಟ ಇಸಿದುಕೊಂಡು ನಾನೇ ಒಂದು ಗುಟುಕು ಕುಡಿದೆ. ದಿನವೂ ಕಲಸುತ್ತಿದ್ದ ಅದರ ರುಚಿಯನ್ನು ಅಂದೇ ನೋಡಿದ್ದು. ಸೀಮೆಸುಣ್ಣವನ್ನು ಅರೆದು ಕುಡಿದಂತಿತ್ತು.

ಡಾಕ್ಟರು ಕತ್ತಲೆಯಲ್ಲಿ ನಕ್ಕರು. "ಏನೋ, ಗಂಡಾ ಹೆಂಡತಿ ಇಬ್ಬರದೂ ಫೋಟೋ ತಗೀಬೇಕೇನು?"

ಅವಳು ಕುಡಿದಳು. ಯಂತ್ರ ಗುಂಯ್‌ಗುಟ್ಟಿತು. ಅವಳ ಎದೆಯ ಮುಂದಿನ ಗಾಜಿನ ಪರದೆ ಹಸಿರಾಗಿ ಮಿನುಗಿತು. ಲೋಟದಲ್ಲಿ ಬಿಳಿಯಾಗಿದ್ದ ಬೇರಿಯಂ ಆ ಹಸಿರಿನಲ್ಲಿ ಕಪ್ಪಾಗಿ ಇಳಿಯುತ್ತದೆ. ಫಿಲ್ಮಿನಲ್ಲಿ ಮತ್ತೆ ಬಿಳಿಯಾಗುತ್ತದೆ. ಈ ಬಣ್ಣದಾಟ ನನಗೆ ದಿನದ ನೋಟವೇ. ಅಂದು ಮಾತ್ರ ಹೊಸದಾಗಿ ಕಂಡಿತು. ಪಕ್ಕೆಲುಬುಗಳ ನೆರಳು, ಅವುಗಳ ಹಿಂದೆ ಮಿಡಿಯುವ ಹೃದಯದ ನೆರಳು, ಅದರ ಪಕ್ಕದಲ್ಲಿ ಒಂದು ಕಪ್ಪು ತೊರೆ ನಿಧಾನವಾಗಿ ಕೆಳಗೆ. ಇದು ಕಸ್ತೂರಿ, ನನ್ನ ಮನೆಯವಳು ಎಂದು ಮನಸ್ಸಿಗೆ ಹೇಳಿಕೊಂಡರೂ ಅದು ನಂಬಲಿಲ್ಲ. ಬಾವಿಯ ತಳದಲ್ಲಿ ಯಾರದೋ ದೀಪ ನೋಡಿದಂತೆ ಇತ್ತು.

ನಿಂತಾಗ ಎಲ್ಲ ಸರಿಯಾಗಿಯೇ ಕಂಡಿತು. "ಈಗ ಮಲಗಸು. ತಲಿ ಕೆಳಗ ಮಾಡು" ಎಂದರು ಡಾಕ್ಟರು. ನಾನು ಮೇಜಿನ ಹಿಡಿಕೆ ತಿರುವಿದೆ. ತಲೆಯ ಕಡೆ ಇಳಿಯಿತು. "ಕೆಮ್ಮವ್ವಾ." ಅವಳು ಕೆಮ್ಮಿದಳು. ಆಗ ಕಂಡಿತು. ಎದೆ ಮತ್ತು ಹೊಟ್ಟೆಯ ನಡುವಿನ ಗೆರೆಯ ಮೇಲೆ, ಬೆಳ್ಳುಳ್ಳಿಯ ಗಡ್ಡೆಯಷ್ಟು ಒಂದು ಕಪ್ಪು ಉಬ್ಬು ಮೆಲ್ಲಗೆ ತಲೆ ಎತ್ತಿತು.

"ಹಯಾಟಸ್ ಹರ್ನಿಯಾ" ಎಂದರು.

ಹರ್ನಿಯಾ ಎಂದರೆ ಗಂಡಸರ ತೊಡೆಸಂದಿನ ಬಾವು ಎಂದೇ ಜನರಿಗೆ ಗೊತ್ತು. ಕಸ್ತೂರಿ ನಾಚಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಡಾಕ್ಟರು ಬೆಳಕು ಹಾಕಿಸಿ, ಕೂಡಿಸಿಕೊಂಡು ಹೇಳಿದರು. "ನೋಡವ್ವಾ, ಎದಿಗೂ ಹೊಟ್ಟಿಗೂ ನಡುವ ಒಂದು ಪರದೆ ಐತಿ. ಅದರಾಗ ಅನ್ನ ಇಳಿಯೂ ಕಿಂಡಿ ಐತಿ. ನಿಂದು ಆ ಕಿಂಡಿ ಸಡಿಲ ಆಗೈತಿ. ಹೊಟ್ಟಿ ಅದರಾಗಿಂದ ಮ್ಯಾಲ ಹಣಿಕಿ ಹಾಕತೈತಿ. ಬರುವಾಗ ಹುಳಿನೂ ತರತೈತಿ."

"ಯಾಕ ಹಣಿಕಿ ಹಾಕತೈತ್ರಿ? ಮ್ಯಾಲೇನೈತಿ ಅದಕ?" ಎಂದು ಕೇಳಿದಳು.

ಡಾಕ್ಟರು ನಕ್ಕು ಚೀಟಿ ಎಳೆದುಕೊಂಡರು. ಗುಳಿಗೆ ಬರೆದುಕೊಟ್ಟರು. ಹೊಟ್ಟೆ ಬಿರಿಯುವಂತೆ ಉಣ್ಣಬೇಡ, ಉಂಡ ಕೂಡಲೇ ಮಲಗಬೇಡ, ಬಗ್ಗಿ ಕೂಡಬೇಡ, ಲಂಗದ ಲಾಡಿ ಬಿಗಿಯಾಗಿ ಕಟ್ಟಬೇಡ ಎಂದರು. ಮಂಚದ ತಲೆಯ ಕಡೆಯ ಕಾಲುಗಳಿಗೆ ಇಟ್ಟಿಗೆ ಕೊಟ್ಟು ಎತ್ತರಿಸಬೇಕು, ಮಲಗಿದಾಗ ಹುಳಿ ಮೇಲೆ ಹರಿಯಬಾರದು ಎಂದರು. ಆಮೇಲೆ ನನ್ನನ್ನು ಬದಿಗೆ ಕರೆದರು. "ಹೋಳಿ ಹುಣ್ಣಿವಿ ತನಕ ನೋಡೂಣು. ಹಿಂಗ ಉಸಿರು ಕಟ್ಟಿ ಏಳೂದು ನಿಲ್ಲಲಿಲ್ಲಂದ್ರ ಮಿರಜಿನ ದೊಡ್ಡ ದವಾಖಾನಿಗೆ ಕಳಸಬೇಕು. ಹೊಟ್ಟಿ ಕೊಯ್ದು ಕಿಂಡಿ ಬಿಗಿ ಮಾಡತಾರ. ರಾತ್ರಿ ನಿದ್ದಿ ಮಾಡಿದಳಂದ್ರ ಕತ್ತಿ ಬ್ಯಾಡ."

ಆಗ ಅದು ಸಣ್ಣ ಕೊಯ್ತವಾಗಿರಲಿಲ್ಲ. ಕಸ್ತೂರಿಗೆ ಕತ್ತಿಯ ಹೆದರಿಕೆ ಬೇರೆಯವರಿಗಿಂತ ಹೆಚ್ಚು. ಅವಳ ತಾಯಿ ಒಂದು ಕೊಯ್ತಕ್ಕೆ ಒಳಗೆ ಹೋದವಳು ಮತ್ತೆ ಎಚ್ಚರಗೊಳ್ಳಲೇ ಇಲ್ಲ. ಮನೆಗೆ ಬರುವ ದಾರಿಯುದ್ದಕ್ಕೂ ಕಸ್ತೂರಿಯದು ಒಂದೇ ಮಾತು, "ಮಿರಜಿಗೆ ಮಾತ್ರ ಒಯ್ಯಬ್ಯಾಡ್ರಿ."

ಇಟ್ಟಿಗೆಯೇನೋ ಸರಿ, ನಮ್ಮ ಎರಡು ಖಣದ, ಎರಡೇ ಅಂಕಣದ ಮನೆಯಲ್ಲಿ ಮಂಚವೆಲ್ಲಿತ್ತು? ನೆಲದ ಮೇಲೆ ಕೌದಿ ಹಾಸಿ ಮಲಗುವವರು ನಾವು. ಅಷ್ಟೇಕೆ, ನಮ್ಮ ಬಹುಪಾಲು ಪೇಷಂಟುಗಳೂ ಅಷ್ಟೇ. ಕಾಗವಾಡದ ಕಡೆಯ ಒಬ್ಬಾಕೆ ಇಟ್ಟಿಗೆಯನ್ನೇ ದಿಂಬಿನ ಕೆಳಗೆ ಇಟ್ಟುಕೊಂಡು ಕತ್ತು ಹಿಡಿದು ಬಂದಿದ್ದರು. ನಾನೂ ಅಂಥದ್ದನ್ನೇ ಮಾಡಿದೆ. ದಿಂಬಿನ ಮೇಲೆ ದಿಂಬು. ಅದರಿಂದ ತಲೆಯಷ್ಟೇ ಮೇಲಾಗಿ ಹೊಟ್ಟೆ ಮಡಿಚಿಕೊಂಡು ಉರಿ ಇನ್ನೂ ಜಾಸ್ತಿಯಾಯಿತು. ಎತ್ತರವಾಗಬೇಕಾದದ್ದು ತಲೆಯಲ್ಲ, ಸೊಂಟದಿಂದ ಮೇಲಿನ ಇಡೀ ಮೈ. ನೀವು ಪೇಷಂಟುಗಳಿಗೆ ಇದನ್ನು ಕೈಯಲ್ಲಿ ತೋರಿಸಿ ಹೇಳಿ. ಬಾಯಿಮಾತು ಸಾಲದು.

ಕಬ್ಬಿನ ಸುಗ್ಗಿ ನಡೆದಿತ್ತು. ಅಥಣಿ ತಾಲೂಕಿನಿಂದ ಭೀಮಪ್ಪ ಎಂಬ ರೈತರು ಹೆಂಡತಿಯೊಡನೆ ಬಂದರು. ಕಬ್ಬಿನ ಹೊಲವುಳ್ಳವರು, ತಲೆಗೆ ಸುತ್ತಿದ ದೊಡ್ಡ ಪಟಗ, ದೊಡ್ಡ ದನಿ. ಅವರ ತಕರಾರು ವಿಚಿತ್ರವಾಗಿತ್ತು. ಮನೆಯಲ್ಲಿ ಮಲಗಿದರೆ ಎದೆ ಸುಡುತ್ತದೆ, ಸಕ್ಕರೆ ಕಾರ್ಖಾನೆಗೆ ಕಬ್ಬು ಒಯ್ದು ಅಲ್ಲೇ ಉಳಿದ ದಿನ ಸುಡುವುದಿಲ್ಲ.

ಹೆಂಡತಿಗೆ ಸಿಟ್ಟು. "ಅಂದ್ರ ನನ್ನ ಕೈ ಅಡಗಿ ವಿಷ ಐತೇನ್ರಿ ಡಾಕ್ಟರ? ಕಾರ್ಖಾನಿ ಮುಂದಿನ ಹೋಟೆಲಿನ್ಯಾಗ ಎಣ್ಣ್ಯಾಗ ಮುಳುಗಿದ ಭಜಿ ತಿಂತಾನ, ಅದು ಅಮೃತ ಆಗೈತಿ ಇಂವಗ."

"ಅಡಗಿ ಅಂದಿಲ್ಲಲೇ ನಾ. ಮನಿ ಅಂದೆ."

"ಮನ್ಯಾಗ ನಾನಽ ಇರೂದು!"

ಡಾಕ್ಟರು ನಗು ತಡೆದುಕೊಂಡು ಕೇಳಿದರು. "ಕಾರ್ಖಾನಿ ಹತ್ರ ಎಲ್ಲಿ ಮಲಗತೀರಿ ಗೌಡ್ರ?"

"ಎಲ್ಲಿ ಅಂದ್ರ? ಬಂಡ್ಯಾಗ್ರಿ. ಕಬ್ಬು ಇಳಿಸಿ, ಎತ್ತು ಬಿಚ್ಚಿ, ಖಾಲಿ ಬಂಡ್ಯಾಗ ಕಬ್ಬಿನ ಒಣ ರವದಿ ಹಾಸಿ ಅಡ್ಡಾಗೂದು."

ಡಾಕ್ಟರು ನನ್ನನ್ನು ನೋಡಿದರು, ನಾನು ಡಾಕ್ಟರನ್ನು ನೋಡಿದೆ. ಎತ್ತು ಬಿಚ್ಚಿದ ಬಂಡಿಯ ನೊಗ ನೆಲಕ್ಕೆ ತಾಗಿರುತ್ತದೆ. ಬಂಡಿ ಪೂರ್ತಿ ಮುಂದಕ್ಕೆ ಇಳಿಜಾರು. ಅದರಲ್ಲಿ ಯಾರೂ ತಲೆ ಕೆಳಗೆ ಮಾಡಿ ಮಲಗುವುದಿಲ್ಲ; ಹಿಂಬದಿಗೆ ತಲೆ, ನೊಗದ ಕಡೆಗೆ ಕಾಲು. ಇಟ್ಟಿಗೆ ಕೊಟ್ಟ ಮಂಚವೇ ಅದು. ಡಾಕ್ಟರು ಕುರ್ಚಿ ಹಿಂದೆ ಸರಿಸಿ ಎದ್ದು ನಿಂತೇಬಿಟ್ಟರು. "ಗೌಡ್ರ, ನಿಮ್ಮ ಹೆಂಡ್ತಿ ಅಡಗಿ ಬರೋಬ್ಬರಿ ಐತಿ. ಮನಿ ನೆಲ ಸರಿ ಇಲ್ಲ!"

ಅಂದು ಸಂಜೆಯಿಂದಲೇ ನಾನು ಮಣ್ಣು ಹೊತ್ತೆ. ಒಳಖಣದ ಗೋಡೆಯ ಬದಿಗೆ ಕಲ್ಲು, ಹೆಂಟೆ, ಮೇಲೆ ಕೆಮ್ಮಣ್ಣು ಹಾಕಿ ತುಳಿದು, ಗೋಡೆಯ ಕಡೆ ಎತ್ತರ, ಬಾಗಿಲ ಕಡೆ ತಗ್ಗು ಬರುವಂತೆ ಒಂದು ಇಳಿಜಾರು ಕಟ್ಟಿದೆ. ಕಸ್ತೂರಿ ಸಗಣಿ ಸಾರಿಸಿದಳು. ಅಕ್ಕಾತಾಯಿ ಬಂದು ಸೊಂಟದ ಮೇಲೆ ಕೈಯಿಟ್ಟು ನೋಡಿದಳು.

"ಇದೇನು ಶಂಕರಣ್ಣಾ, ಮನ್ಯಾಗ ಜಾರಗುಂಡಿ ಮಾಡೀರಿ? ಈ ವಯಸ್ಸಿನ್ಯಾಗ ಗಂಡಾ ಹೆಂಡತಿ ಆಡವರೇನು?"

ಅವಳ ಮಾತೇ ನಿಜವಾಯಿತು. ಮಲಗಿದವರು ಬೆಳಗಾಗುವಷ್ಟರಲ್ಲಿ ಜಾರಿ ಬಾಗಿಲ ಹತ್ತಿರ ಇರುತ್ತಿದ್ದೆವು. ಕೌದಿ ತೆಗೆದು ಒರಟು ಕಂಬಳಿ ಹಾಸಿದೆ, ಕಾಲ ಹತ್ತಿರ ಮಣ್ಣಿನ ದಂಡೆ ಕಟ್ಟಿದೆ. ಆಗ ನಿಂತಿತು. ಮೊರವನ್ನು ತೊಡೆಯ ಮೇಲಿಂದ ತೆಗೆದು ಒಂದು ಮಣೆಯ ಮೇಲೆ ಎತ್ತರಕ್ಕೆ ಇಟ್ಟುಕೊಟ್ಟೆ, ಬಗ್ಗುವುದು ಕಡಿಮೆಯಾಗಲೆಂದು. ಹೊತ್ತು ಮುಳುಗುವ ಮುಂಚೆ ಉಣ್ಣತೊಡಗಿದೆವು. ಬಾಗಿಲಲ್ಲಿ ಕೂತು ಬೆಳಕು ಕಂದುವುದನ್ನು ನೋಡುತ್ತಿದ್ದೆವು. ಮದುವೆಯಾದ ಮೇಲೆ ಅಷ್ಟು ಸಂಜೆಗಳನ್ನು ನಾವು ಒಟ್ಟಿಗೆ ಕೂತು ನೋಡಿದ್ದು ಆಗಲೇ.

"ಹೆಂಗೈತಿ?" ಎಂದು ಕೇಳಿದರೆ ಒಂದೇ ಉತ್ತರ, "ಆರಾಮೈತ್ರಿ."

ಡಾಕ್ಟರು ನಂಬಲಿಲ್ಲ. "ಕತ್ತಿಗೆ ಅಂಜಿ ಆರಾಮಂತಾಳ ಆಕಿ. ನೀ ಕಣ್ಣಲೆ ನೋಡೀಯೇನು?"

ನೋಡಿರಲಿಲ್ಲ. ನನಗೆ ಗಾಢ ನಿದ್ದೆ. ಸಾಲದ್ದಕ್ಕೆ ಆ ತಿಂಗಳುಗಳಲ್ಲಿ ಸರದಿಯ ರಾತ್ರಿ ಪಾಳಿ ಬೇರೆ. ನಾನು ಬೆಳಗ್ಗೆ ಬಂದು ಬಾಗಿಲ ಅಗಳಿ ಮುಟ್ಟುವ ಮೊದಲೇ ಅವಳು ಎದ್ದು ಕೂತಿರುತ್ತಿದ್ದಳು. ನಿದ್ದೆ ಮಾಡಿ ಎದ್ದವಳೋ, ನಿದ್ದೆಯಿಲ್ಲದೆ ಕೂತವಳೋ ಮುಖ ನೋಡಿ ಹೇಳಲಾಗುತ್ತಿರಲಿಲ್ಲ. ಕೆಮ್ಮು ಒಮ್ಮೊಮ್ಮೆ ಕೇಳುತ್ತದೆ ಎಂದು ಗೋಡೆಯಾಚೆಯ ಅಕ್ಕಾತಾಯಿ ಹೇಳಿದಳು. ಹೋಳಿ ಹತ್ತಿರ ಬಂತು. ಡಾಕ್ಟರು ಮಿರಜಿನ ಸರ್ಜನ್ನರಿಗೆ ಹೇಳಿಟ್ಟು ದಿನ ಗೊತ್ತು ಮಾಡಿದರು. ಕಳಿಸುವಾಗ ಅದೇ ಮಾತನ್ನು ಮತ್ತೆ ಹೇಳಿದರು. "ನಿದ್ದಿ ಬರತೈತಿ ಅಂತ ನಿನಗ ಖಾತ್ರಿ ಆತಂದ್ರ ಬಸ್ ಹತ್ತಬ್ಯಾಡ್ರಿ. ಇಲ್ಲಂದ್ರ ತಡಾ ಮಾಡಬ್ಯಾಡ್ರಿ."

ಕಸ್ತೂರಿ ಆಮೇಲೆ ಮಿರಜಿನ ಹೆಸರನ್ನೇ ಎತ್ತಲಿಲ್ಲ. ಬಟ್ಟೆಯ ಗಂಟು ಕಟ್ಟಿದಳು. ಯಾವ ಡಬ್ಬಿಯಲ್ಲಿ ಏನಿದೆ ಎಂದು ನನಗೆ ತೋರಿಸಿದಳು. ಜೋಳದ ಹಿಟ್ಟು, ಮೆಣಸಿನಪುಡಿ, ಬೆಲ್ಲ. ನಾನು ಎಲ್ಲದಕ್ಕೂ ಹೂಂ ಎಂದೆ.

ಹೊರಡುವ ಹಿಂದಿನ ರಾತ್ರಿಯೂ ನನ್ನ ಪಾಳಿ. ಬೆಳಗಿನ ಬಸ್ಸಿಗೆ ಅವಳನ್ನು ಕರೆದೊಯ್ಯಲು ಮಬ್ಬುಗತ್ತಲೆಯಲ್ಲೇ ಆಸ್ಪತ್ರೆಯಿಂದ ಹೊರಟೆ. ಓಣಿಯಲ್ಲಿ ಹಸಿ ತಂಬಾಕಿನ ವಾಸನೆ, ಮಂಜು. ಪಿತ್ತ ತೆಗೆಯುವವರ ಸದ್ದೂ ಇನ್ನೂ ಶುರುವಾಗಿರಲಿಲ್ಲ. ಬಾಗಿಲ ಸಂದಿನಲ್ಲಿ ಬೆರಳು ಹಾಕಿ ಅಗಳಿ ಎತ್ತಿದೆ. ಅದು ಕಿರ್ರೆಂದಿತು. ಒಳಗೆ ಯಾರೂ ಎದ್ದು ಕೂತಿರಲಿಲ್ಲ.

ಅವಳು ಇಳಿಜಾರಿನ ಮೇಲೆ ಎಡ ಮಗ್ಗುಲಿಗೆ ಮಲಗಿದ್ದಳು. ಬಾಯಿ ಸ್ವಲ್ಪ ತೆರೆದಿತ್ತು. ಒಂದು ಕೈ ಕಂಬಳಿಯ ಹೊರಗೆ ಬಿದ್ದಿತ್ತು. ನಾನು ಬಗ್ಗಿ ನೋಡಿದೆ. ನಟನೆಯಾಗಿದ್ದರೆ ರೆಪ್ಪೆ ಅಲುಗಬೇಕಿತ್ತು. ಅಕ್ಕಾತಾಯಿಯ ಕೋಳಿಯೊಂದು ನನ್ನ ಹಿಂದೆಯೇ ನುಗ್ಗಿ ಅವಳ ಕಾಲು ದಾಟಿ ಹೋಯಿತು. ಆಗಲೂ ಅವಳು ಏಳಲಿಲ್ಲ. ಉಸಿರು ಒಂದೇ ಸಮ ಬರುತ್ತಿತ್ತು, ಹೋಗುತ್ತಿತ್ತು. ಮದುವೆಯಾದ ಹೊಸದರಲ್ಲಿ ಕಂಡ ಮುಖ ಅದು. ಎಷ್ಟೋ ವರ್ಷಗಳಿಂದ ನಾನು ಅದನ್ನು ನೋಡಿರಲಿಲ್ಲ.

ಹೊರಗೆ ಬಂದು ಹೊಸ್ತಿಲ ಮೇಲೆ ಕೂತೆ. ಜೊತೆಗೆ ಬರುತ್ತೇನೆಂದಿದ್ದ ಅಕ್ಕಾತಾಯಿ ಇರಕಲ್ ಸೀರೆ ಉಟ್ಟು ಬಂದಳು.

"ಯಾಕ ಕುಂತೀರಿ? ಬಸ್ಸಿನ ಹೊತ್ತಾತು. ಏಳಸ್ರಿ ಆಕೀನ."

"ಸಾವಕಾಶ ಮಾತಾಡಬೇ. ಮಲಗ್ಯಾಳ."

"ಮಲಗ್ಯಾಳ ಅಂದ್ರ?"

"ನಿದ್ದಿ ಹತ್ತೈತಿ."

ಅವಳು ಬಾಗಿಲಲ್ಲಿ ಕತ್ತು ಚಾಚಿ ಬಹಳ ಹೊತ್ತು ನೋಡಿದಳು. ಸೀರೆ ಮಣ್ಣಾಗುತ್ತದೆ ಎನ್ನದೆ ಹೊಸ್ತಿಲ ಆಚೆ ಬದಿಗೆ ಕೂತಳು. ಓಣಿಯ ಕೊನೆಯಲ್ಲಿ ಚಿಕ್ಕೋಡಿ, ಕಾಗವಾಡದ ಮೇಲೆ ಮಿರಜಿಗೆ ಹೋಗುವ ಬಸ್ಸು ಬಂದು ನಿಂತು ಹಾರ್ನ್ ಹೊಡೆಯಿತು. ಮತ್ತೊಮ್ಮೆ ಹೊಡೆಯಿತು. ಅಕ್ಕಾತಾಯಿ ಅದರ ಕಡೆಗೆ ಕೈ ಬೀಸಿ, "ಏ, ಹೋಗೋ ಮಾರಾಯ, ಬಾಯಿ ಮುಚ್ಚಿಕೊಂಡು ಹೋಗೋ" ಎಂದು ಪಿಸುದನಿಯಲ್ಲಿ ಬೈದಳು. ಬಸ್ಸು ಹೋಯಿತು. ಬಿಸಿಲು ಗೋಡೆಯಿಂದ ಇಳಿದು ನಮ್ಮ ಕಾಲಿನ ತನಕ ಬಂತು. ಯಾರಾದರೂ ದಾರಿಯಲ್ಲಿ ಬಂದರೆ ನಾವಿಬ್ಬರೂ ತುಟಿಯ ಮೇಲೆ ಬೆರಳು ಇಡುತ್ತಿದ್ದೆವು. ಒಳಗೆ ಕಸ್ತೂರಿ ಮಲಗಿಯೇ ಇದ್ದಳು.